ದಂಡೆಗೆ ಎಸೆದದ್ದು ಸತ್ತಿರಲಿಲ್ಲ

ಪುಣೆಯ ಕೆರೆ, ನದಿಗಳಲ್ಲಿ ಜಲಪರ್ಣಿ ಎಂಬ ತೇಲುವ ಕಳೆ ತೆಗೆಸುವ ಗುತ್ತಿಗೆದಾರರೊಬ್ಬರ ಬಳಿ ಮೇಲ್ವಿಚಾರಕನಾಗಿ ಸೇರಿ ಆಗ ಎರಡು ತಿಂಗಳು. ನೇರಳೆ ಹೂವಿನ ಆ ಗಿಡವನ್ನು ನಮ್ಮ ವಿಜಯಪುರದ ಕಡೆಯ ಕೂಲಿಗಳು ಅಂತರಗಂಗೆ ಎನ್ನುತ್ತಿದ್ದರು. ನಿಜವಾದ ಅಂತರಗಂಗೆ ಬೇರೆ. ಅದು ಎಲೆಕೋಸಿನ ಹಾಗೆ ಎಲೆ ಬಿಚ್ಚಿಕೊಂಡು ಕೂರುತ್ತದೆ. ದಕ್ಷಿಣ ಅಮೆರಿಕದಿಂದ ಬಂದ ಜಲಪರ್ಣಿಗೆ ಎಲೆಯ ತೊಟ್ಟಿನಲ್ಲಿರುವ ಬುರುಡೆಯಂಥ ಉಬ್ಬೇ ತೆಪ್ಪ. ಒಳಗೆಲ್ಲ ಗಾಳಿ.

ಮೇ ಕೊನೆಯ ವಾರ, ನಗರದ ಅಂಚಿನ ಒಂದು ಕೆರೆ. ಗಿಡದ ತೂಕದಲ್ಲಿ ಶೇಕಡಾ 90ಕ್ಕಿಂತ ಹೆಚ್ಚು ನೀರೇ ಇರುತ್ತದೆ. ಡಂಪರಿನಲ್ಲಿ ನೀರು ಹೊತ್ತೊಯ್ಯುವ ದಂಡವೇಕೆ ಎಂದು, ಎಳೆದದ್ದನ್ನೆಲ್ಲ ದಂಡೆಯಲ್ಲೇ ಆಳೆತ್ತರಕ್ಕೆ ಒಟ್ಟಿಸಿದೆ. ಜಾಗ ಹಿಡಿಯದಿರಲೆಂದು ಕುಡಗೋಲಿನಿಂದ ತುಂಡು ಮಾಡಿಸಿದ್ದು ನನ್ನದೇ ಬುದ್ಧಿ. ಒಂದು ವಾರ ಒಣಗಿದರೆ ಸಾಕು ಎಂಬ ಲೆಕ್ಕ.

ಇಂಡಿ ತಾಲ್ಲೂಕಿನ ದೊಡ್ಡವ್ವ ಒಬ್ಬರು, "ತಮ್ಮಾ, ರಾಶಿಯ ಹೊಟ್ಟೆಯೊಳಗೆ ಒಮ್ಮೆ ಕೈ ಹಾಕಿ ನೋಡು" ಎಂದರು. ಮೇಲಿನ ಪದರ ಹಪ್ಪಳದಂತೆ ಗರಿಗರಿಯಾಗಿತ್ತು, ನೋಡುವ ಅಗತ್ಯ ಕಾಣಲಿಲ್ಲ.

ಐದನೆಯ ಸಂಜೆ ಗುಡುಗಿನ ಮಳೆ. ಬೆಳಗ್ಗೆ ಹೋದರೆ ಅರ್ಧ ರಾಶಿ ನೀರಿಗಿಳಿದು, ಗಾಳಿಗೆ ತೇಲಿ, ನಾವು ತೊಳೆದಂತೆ ಮಾಡಿದ್ದ ಮೂಲೆಗೇ ಹೋಗಿ ನಿಂತಿತ್ತು. ಉಳಿದರ್ಧದೊಳಗೆ ಕೈ ಹಾಕಿದೆ: ತಂಪು, ಹಸಿರು, ಆಗಷ್ಟೇ ಕಿತ್ತಂತೆ. ಕುಡಗೋಲಿನ ಕೆಲಸ ಇನ್ನೂ ಕೆಟ್ಟದ್ದು. ತಾಯಿಗಿಡದಿಂದ ಹೊರಡುವ ಬಳ್ಳಿಯ ತುದಿಯಲ್ಲೇ ಮರಿ ಹುಟ್ಟುವುದು. ಬಳ್ಳಿ ಕಡಿದರೆ ಮರಿ ಸಾಯುವುದಿಲ್ಲ, ಬೇರೆ ಸಂಸಾರ ಹೂಡುತ್ತದೆ. ಕೊಳಚೆಯ ಸಾರ ಸಿಕ್ಕ ಬೆಚ್ಚನೆಯ ನೀರಿನಲ್ಲಿ ಎರಡು ವಾರದಲ್ಲಿ ಎರಡರಷ್ಟಾಗುವ ಗಿಡವಿದು. ಕೂಲಿಯವರ ಮುಖ ನೋಡಲು ನನಗೆ ಎರಡು ದಿನ ಬೇಕಾಯಿತು.

ಮುಂದಿನ ಕೆರೆಯಲ್ಲಿ ಕುಡಗೋಲು ಮುಟ್ಟಲಿಲ್ಲ. ಗಿಡವನ್ನು ಬೇರುಸಹಿತ ಬುಟ್ಟಿಯಲ್ಲಿ ಕೆರೆಯ ಏರಿ ದಾಟಿಸಿ, ನೀರು ಹಿಂದಕ್ಕೆ ಹರಿಯದ ಇಳಿಜಾರಿನಲ್ಲಿ, ಬೇರು ಮೇಲಾಗಿ ತೆಳ್ಳಗೆ ಹರವಿಸಿದೆ. ದೊಡ್ಡವ್ವ ದಿನಕ್ಕೊಮ್ಮೆ ಕೋಲಿನಿಂದ ಮಗುಚುತ್ತಿದ್ದರು. ಕೊಳಚೆ ಬಂದು ಸೇರುವ ನಾಲೆಯ ಬಾಯಿಗೆ ಹಗ್ಗದಲ್ಲಿ ಖಾಲಿ ಡಬ್ಬಿಗಳನ್ನು ಪೋಣಿಸಿ ಅಡ್ಡ ಕಟ್ಟಿದೆವು. ಮೇಲಿನಿಂದ ತೇಲಿ ಬಂದದ್ದು ಅಲ್ಲೇ ಸಿಕ್ಕಿಬೀಳುತ್ತಿತ್ತು. ಕೆಸರಿನಲ್ಲಿ ಬಿದ್ದ ಬೀಜಕ್ಕೆ ಮಾತ್ರ ಏನೂ ಮಾಡಲಾಗದು, ಅದು 15 ವರ್ಷ ಕಳೆದರೂ ಮೊಳೆಯಬಲ್ಲದು.

ಒಣಗಿದ ಮೇಲೆ ಡಂಪರಿನ ಖೇಪು ಅರ್ಧಕ್ಕಿಳಿಯಿತು. ನಮಗೆ ಹಣ ಸಿಗುತ್ತಿದ್ದದ್ದು ಖೇಪಿನ ಲೆಕ್ಕದಲ್ಲಿ. ತಿಂಗಳ ಕೊನೆಗೆ ಗುತ್ತಿಗೆದಾರರು ನನ್ನನ್ನು ಕರೆಸಿ, ಅಷ್ಟೊಂದು ಒಣಗಿಸಲು ಯಾರು ಹೇಳಿದರೆಂದು ಕೇಳಿದರು.