ಎಷ್ಟು ಜನರ ಜೀವ ಉಳಿಸಿದ್ರಿ?

ಸೈನ್ಯದಲ್ಲಿದ್ದೆ ಅಂದ ಕೂಡಲೇ ಬರುವ ಮೊದಲ ಪ್ರಶ್ನೆ, 'ಯಾವ ಬಾರ್ಡರ್‌ನ್ಯಾಗ ಇದ್ರಿ?' ಮೆಡಿಕಲ್ ಕೋರ್, ನರ್ಸಿಂಗ್ ಅಸಿಸ್ಟೆಂಟ್ ಅಂದರೆ ಕೇಳಿದವರ ಮುಖ ತುಸು ಇಳಿಯುತ್ತದೆ. 'ಓಹೋ, ಕಂಪೌಂಡರ್ರಾ?' ಅಂತಾರೆ. ಮಾತಿನ ನಡುವೆ ಸಿಯಾಚಿನ್ ಹೆಸರು ಬಂತೋ, ಇಳಿದ ಮುಖ ಮತ್ತೆ ಅರಳುತ್ತದೆ. ಆಗ ಬರುತ್ತದೆ ಆ ಪ್ರಶ್ನೆ: 'ಗುಂಡು ಬಡಿದವರನ್ನ ಎಷ್ಟು ಮಂದೀನ ಉಳಿಸಿದ್ರಿ?'

ಮದುವೆಮನೆಯ ಪಂಕ್ತಿಯಲ್ಲಿ ಕೇಳಿದ್ದಾರೆ, ಧಾರವಾಡದ ಬಸ್ಸಿನಲ್ಲಿ ಕೇಳಿದ್ದಾರೆ, ಕ್ಷೌರದ ಅಂಗಡಿಯಲ್ಲಿ ಕತ್ತಿಗೆ ಕತ್ತು ಕೊಟ್ಟು ಕೂತಿದ್ದಾಗಲೂ ಕೇಳಿದ್ದಾರೆ. ಮೊದಮೊದಲು 'ಹತ್ತು ಹನ್ನೆರಡು ಮಂದಿ ಇರಬೇಕ್ರಿ' ಅಂತ ಹೇಳಿ ಮುಗಿಸುತ್ತಿದ್ದೆ. ಅದು ಸುಳ್ಳು. ಕೇಳಿದವರಿಗೆ ಸಮಾಧಾನ, ನನಗೆ ಊಟ ಮುಂದುವರಿಸಲು ಅನುಕೂಲ. 17 ವರ್ಷ ಸರ್ವಿಸ್ ಮಾಡಿ ಮನೆಗೆ ಬಂದು ಕೂತ ಮೇಲೆ, ಒಮ್ಮೆ ಸರಿಯಾದ ಉತ್ತರ ಬರೆದಿಡೋಣ ಅನ್ನಿಸಿದೆ.

ಸಿಯಾಚಿನ್‌ನಲ್ಲಿ ನಾನು ಕಂಡ ಗುಂಡಿನ ಗಾಯ ಒಂದೂ ಇಲ್ಲ. 1984ರ ಏಪ್ರಿಲ್‌ನಲ್ಲಿ ಸಿಯಾಚಿನ್ ಹಿಡಿಯಲು ನಮ್ಮ ಸೈನ್ಯ ಆಪರೇಷನ್ ಮೇಘದೂತ್ ಶುರುಮಾಡಿದಾಗಿನಿಂದ ಅಲ್ಲಿ ಗುಂಡು, ಶೆಲ್ ಹಾರಿದ್ದು ನಿಜ. ಆದರೆ 2003ರ ನವೆಂಬರ್‌ನಿಂದ ಕದನವಿರಾಮ. ನಾನು 2009ರಲ್ಲಿ ಹತ್ತುವಷ್ಟರಲ್ಲಿ ಎರಡೂ ಕಡೆಯ ಬಂದೂಕುಗಳು ಸುಮ್ಮನಾಗಿ ವರ್ಷಗಳೇ ಕಳೆದಿದ್ದವು. ಗುಂಡು ಹಾರುತ್ತಿದ್ದ ಕಾಲದಲ್ಲೂ ಅಲ್ಲಿ ಹೆಚ್ಚು ಜನರನ್ನು ಕೊಂದದ್ದು ಶತ್ರು ಅಲ್ಲವೇ ಅಲ್ಲ. ಚಳಿ, ಎತ್ತರ, ಹಿಮಪಾತ. ಗುಂಡಿನ ಗಾಯ ಕಟ್ಟಿದ್ದು ಬೇರೆ ಪೋಸ್ಟಿಂಗ್‌ನಲ್ಲಿ, ಅದೂ ಒಂದೇ ಸಲ. ತೊಡೆ, ಬಿಗಿ ಪಟ್ಟಿ, ಫೀಲ್ಡ್ ಡ್ರೆಸ್ಸಿಂಗ್, ಇಪ್ಪತ್ತು ನಿಮಿಷದಲ್ಲಿ ಗಾಡಿ ಬಂತು. ಲಖನೌದ ಟ್ರೇನಿಂಗ್ ಸೆಂಟರಿನಲ್ಲಿ ಕಲಿಸಿದ್ದನ್ನು ಕೈ ತಾನಾಗಿ ಮಾಡಿತು. ಅದರ ಬಗ್ಗೆ ಹೇಳುವುದಕ್ಕೆ ಅದಕ್ಕಿಂತ ಹೆಚ್ಚೇನಿಲ್ಲ.

ಹಾಗಾದರೆ 17 ವರ್ಷ ಮಾಡಿದ್ದೇನು? ಸುಳ್ಳು ಹಿಡಿದೆ.

ನಗಬೇಡಿ. ಪೀಸ್ ಸ್ಟೇಷನ್ನಿನ ಎಂಐ ರೂಮ್, ಅಂದರೆ ಯೂನಿಟ್ಟಿನ ಸಣ್ಣ ದವಾಖಾನೆಯಲ್ಲಿ ಬೆಳಿಗ್ಗೆ ಸಿಕ್ ರಿಪೋರ್ಟ್ ಸಾಲು ನೋಡಿದವರಿಗೆ ಇದು ಗೊತ್ತು. ನಾಳೆ ಹತ್ತು ಕಿಲೋಮೀಟರ್ ಓಟ ಇದೆ ಅಂದರೆ ಇವತ್ತು ಅರ್ಧ ಕಂಪನಿಗೆ ಮೊಣಕಾಲು ನೋವು. ಬರುವಾಗ ಎಡಗಾಲು ಕುಂಟುತ್ತಾ ಬಂದವನು ಎಕ್ಸ್‌ಕ್ಯೂಸ್ ಡ್ಯೂಟಿ ಚೀಟಿ ಕೈಗೆ ಸಿಕ್ಕ ಮೇಲೆ ಬಲಗಾಲು ಕುಂಟುತ್ತಾ ಹೋಗುತ್ತಾನೆ. ಅಲ್ಲಿ ಆರೋಗ್ಯವಂತರು ಕಾಯಿಲೆ ಅಂತ ಸುಳ್ಳು ಹೇಳುತ್ತಾರೆ. ಗ್ಲೇಸಿಯರ್ ಮೇಲೆ ಇದು ಪೂರಾ ಉಲ್ಟಾ. ಕಾಯಿಲೆಯವರು ಆರೋಗ್ಯವಾಗಿದ್ದೇನೆ ಅಂತ ಸುಳ್ಳು ಹೇಳುತ್ತಾರೆ. 'ಠೀಕ್ ಹೂಂ ಡಾಕ್ಟರ್ ಸಾಬ್.' ಮೇಲಿನ ಪೋಸ್ಟಿನಲ್ಲಿ ಡಾಕ್ಟರ್ ಇರುವುದಿಲ್ಲ. ಬೆಟಾಲಿಯನ್ನಿನ ಡಾಕ್ಟರ್, ಆರ್‌ಎಂಒ, ಕೆಳಗೆಲ್ಲೋ ಇರುತ್ತಾರೆ, ರೇಡಿಯೋದಲ್ಲಿ. ಹಾಗಾಗಿ ನನ್ನಂಥ ಪಿಯುಸಿ ಸೈನ್ಸ್ ಓದಿದವನೇ ಅಲ್ಲಿ ಡಾಕ್ಟರ್ ಸಾಬ್.

ಯಾಕೆ ಸುಳ್ಳು? ಕೆಳಗೆ ಕಳಿಸಿದರೆ ಮರ್ಯಾದೆ ಪ್ರಶ್ನೆ. ತನ್ನ ಪಾಲಿನ ಸೆಂಟ್ರಿ ಡ್ಯೂಟಿ ಜೊತೆಗಾರನ ಹೆಗಲಿಗೆ ಬೀಳುತ್ತದೆ ಅನ್ನುವ ಸಂಕೋಚ. ಸ್ವಲ್ಪ ಸೀನಿಯರ್ ಆದವರಿಗೆ ಇನ್ನೊಂದು ಭಯ: ಮೆಡಿಕಲ್ ಕೆಟಗರಿ, ಅಂದರೆ ಆರೋಗ್ಯದ ದರ್ಜೆ, ಇಳಿದರೆ ಪ್ರಮೋಷನ್ ನಿಂತುಹೋಗುತ್ತದೆ. ಇದು ಹೊರಗಿನವರಿಗೆ ಸಣ್ಣದಾಗಿ ಕಾಣಬಹುದು. ಹದಿನೆಂಟು ವರ್ಷ ಕಾದವನಿಗೆ ಸಣ್ಣದಲ್ಲ.

ಮೇಲೆ ಹತ್ತಿಸುವ ಮೊದಲು ಮೈ ಒಗ್ಗಿಸುತ್ತಾರೆ. 9,000 ಅಡಿಯಿಂದ 12,000ದವರೆಗೆ ಆರು ದಿನ, 15,000ದವರೆಗೆ ನಾಲ್ಕು, ಅದರಾಚೆಗೆ ಮತ್ತೆ ನಾಲ್ಕು ದಿನ. ಈ ಲೆಕ್ಕದ ಹಿಂದೆ ಕಹಿ ಅನುಭವ ಇದೆ. 1962ರ ಯುದ್ಧದ ಕಾಲದಲ್ಲಿ ಬಯಲಿನ ಹುಡುಗರನ್ನು ಅವಸರವಸರವಾಗಿ ಹಿಮಾಲಯಕ್ಕೆ ಏರಿಸಿದಾಗ ಅವರು ಉಸಿರಾಡಲಾರದೆ ಬಿದ್ದರು. ಇಂದರ್ ಸಿಂಗ್ ಅನ್ನುವ ಸೇನಾ ವೈದ್ಯರ ತಂಡ ಹೀಗೆ ಪರ್ವತದ ಕಾಯಿಲೆ ಬಂದ 1,925 ಸೈನಿಕರ ವಿವರ ಕಲೆಹಾಕಿ 1969ರಲ್ಲಿ ಪ್ರಕಟಿಸಿತು. ಜಗತ್ತಿನ ವೈದ್ಯರು ಇವತ್ತಿಗೂ ಅದನ್ನು ಓದುತ್ತಾರೆ. ಹದಿನಾಲ್ಕು ದಿನ ಮುಗಿಸಿ, ಬೇಸ್ ಕ್ಯಾಂಪಿನಲ್ಲಿ, ಸೈನಿಕರನ್ನು ಕಾಯುತ್ತಾನೆ ಅಂತ ನಂಬುವ ಓಪಿ ಬಾಬಾನ ಮಂದಿರದಲ್ಲಿ ಕೈಮುಗಿದು, ಒಬ್ಬರಿಗೊಬ್ಬರು ಹಗ್ಗ ಕಟ್ಟಿಕೊಂಡು ಸಾಲಾಗಿ ಹತ್ತಿದೆವು. ನಮ್ಮ ಪೋಸ್ಟ್ ಸುಮಾರು 18,500 ಅಡಿ. ಅಲ್ಲಿ ಗಾಳಿಯ ಒತ್ತಡ ಊರಿನ ಅರ್ಧ. ಹನ್ನೆರಡು ಜನ, ಒಂದು ಫೈಬರ್ ಗುಡಿಸಲು, ಹಗಲೂ ರಾತ್ರಿ ಉರಿಯುವ ಸೀಮೆಎಣ್ಣೆ ಒಲೆ, ಬುಖಾರಿ. ಕೆಮ್ಮಿ ಉಗುಳಿದರೆ ಕಪ್ಪು. ಇಂಜೆಕ್ಷನ್ ಬಾಟಲಿ ಹೆಪ್ಪುಗಟ್ಟದಿರಲಿ ಅಂತ ನಾನು ಅವನ್ನು ಸ್ಲೀಪಿಂಗ್ ಬ್ಯಾಗಿನೊಳಗೆ ಹೊಟ್ಟೆಗೆ ಅವುಚಿಕೊಂಡು ಮಲಗುತ್ತಿದ್ದೆ, ಕೋಳಿ ಮೊಟ್ಟೆಗೆ ಕಾವು ಕೊಟ್ಟ ಹಾಗೆ.

ಸುಳ್ಳು ಹಿಡಿಯಲು ನನ್ನ ಹತ್ತಿರ ಇದ್ದ ಒಳ್ಳೆಯ ಉಪಕರಣ ಸ್ಟೆತಾಸ್ಕೋಪ್ ಅಲ್ಲ, ರೊಟ್ಟಿಯ ಲೆಕ್ಕ. ಎತ್ತರದಲ್ಲಿ ಹಸಿವು ಸಾಯುತ್ತದೆ ನಿಜ. ಗೋಡಂಬಿ, ಚಾಕಲೇಟಿನ ಡಬ್ಬಿಗಳು ಮೂಲೆಯಲ್ಲಿ ಬಿದ್ದಿರುತ್ತವೆ, ಯಾರೂ ಮುಟ್ಟುವುದಿಲ್ಲ. ಆದರೂ ಪ್ರತಿಯೊಬ್ಬನಿಗೂ ಅವನದೇ ಲೆಕ್ಕ ಇರುತ್ತದೆ. ಗಢವಾಲಿನ ಹುಡುಗನೊಬ್ಬನದು ಮೂರು. 'ನಾನು ಗುಡ್ಡದವ, ನನಗೇನಾಗುತ್ತೆ' ಅಂತ ಎದೆ ತಟ್ಟಿಕೊಳ್ಳುತ್ತಿದ್ದ. ಒಂದು ರಾತ್ರಿ ಅರ್ಧ ತಿಂದು ಉಳಿದಿದ್ದನ್ನು ಪಕ್ಕದವನ ತಟ್ಟೆಗೆ ಸರಿಸಿದ. ಮೂತ್ರಕ್ಕೆ ಹೊರಗೆ ಹೋದವನು ವಾಪಸ್ ಬರುವಾಗ ಹಗ್ಗ ಹಿಡಿದು ಎರಡು ಸಲ ನಿಂತ. ಒಣ ಕೆಮ್ಮು. ಕೇಳಿದರೆ, 'ಬುಖಾರಿ ಹೊಗೆ, ಸಾಬ್. ಠೀಕ್ ಹೂಂ.'

ಅಂಗಿ ಎತ್ತಿಸಿ ಬಲ ಕಂಕುಳ ಕೆಳಗೆ ಸ್ಟೆತಾಸ್ಕೋಪ್ ಇಟ್ಟೆ. ಹೇಪೋ, ಅಂದರೆ ಎತ್ತರದ ಕಾರಣಕ್ಕೆ ಶ್ವಾಸಕೋಶದಲ್ಲಿ ನೀರು ತುಂಬುವ ಕಾಯಿಲೆ, ಸಾಮಾನ್ಯವಾಗಿ ಮೊದಲು ಅಲ್ಲೇ ಕೇಳಿಸುತ್ತದೆ. ನಮ್ಮ ಕಡೆ ಸುಸಲಾ ಮಾಡಲು ಮಂಡಕ್ಕಿಯನ್ನು ನೀರಿಗೆ ಹಾಕಿದಾಗ ಸಣ್ಣಗೆ ಚಿಟಿಚಿಟಿ ಅನ್ನುತ್ತದಲ್ಲ, ಅದೇ ಸದ್ದು. ಆಕ್ಸಿಮೀಟರ್ ಮೊದಲು ಏನೂ ತೋರಿಸಲಿಲ್ಲ, ಬೆರಳು ಅಷ್ಟು ತಣ್ಣಗಿತ್ತು. ಅವನ ಬೆರಳನ್ನು ನನ್ನ ಕಂಕುಳಲ್ಲಿ ಐದು ನಿಮಿಷ ಇಟ್ಟುಕೊಂಡೆ. ಆಮೇಲೆ ರಕ್ತದ ಆಕ್ಸಿಜನ್ ತೋರಿಸಿತು: 58. ಉಳಿದವರೆಲ್ಲ 80ರ ಆಸುಪಾಸು.

ರೇಡಿಯೋದಲ್ಲಿ ಆರ್‌ಎಂಒ ಹೇಳಿದ್ದು ನನಗೂ ಗೊತ್ತಿದ್ದದ್ದೇ, ಆದರೂ ಇನ್ನೊಬ್ಬರ ಬಾಯಿಂದ ಕೇಳಬೇಕಿತ್ತು. ಆಕ್ಸಿಜನ್, ನಿಫೆಡಿಪಿನ್ ಮಾತ್ರೆ, ಹೇಪೋ ಬ್ಯಾಗ್. ಈ ಬ್ಯಾಗ್ ಅಂದರೆ ಗಾಳಿಯಾಡದ ಉದ್ದ ಚೀಲ. ರೋಗಿಯನ್ನು ಒಳಗೆ ಮಲಗಿಸಿ ಜಿಪ್ ಎಳೆದು ಕಾಲಿನಿಂದ ಪಂಪ್ ತುಳಿದರೆ ಒಳಗಿನ ಒತ್ತಡ ಏರಿ, ಮನುಷ್ಯ ಇದ್ದಲ್ಲೇ ಐದಾರು ಸಾವಿರ ಅಡಿ ಕೆಳಗಿಳಿದ ಹಾಗೆ. ತುಳಿಯುವುದನ್ನು ನಿಲ್ಲಿಸುವಂತಿಲ್ಲ, ಒಳಗಿನವನಿಗೆ ಹೊಸ ಗಾಳಿ ಬೇಕಲ್ಲ. ನಿಮಿಷಕ್ಕೆ ಹತ್ತು ಹದಿನೈದು ಸಲ. ಆ ಎತ್ತರದಲ್ಲಿ ಬೂಟಿನ ಲೇಸ್ ಕಟ್ಟಿದರೇ ಏದುಸಿರು. ನಾಲ್ಕು ಜನ ಪಾಳಿ ಹಾಕಿಕೊಂಡು ರಾತ್ರಿ ಒಂಬತ್ತರಿಂದ ತುಳಿದೆವು. ಅಡುಗೆಯವನು ಎಲ್ಲರಿಗಿಂತ ಹೆಚ್ಚು ತುಳಿದ. ತಾಸಿಗೊಮ್ಮೆ ತೆಗೆದು ಉಸಿರು ಎಣಿಸಿ ಮತ್ತೆ ಮುಚ್ಚುವುದು. ಚೀಲಕ್ಕೊಂದು ಅಂಗೈಯಗಲದ ಕಿಟಕಿ ಇದೆ. ಅದಕ್ಕೆ ಟಾರ್ಚ್ ಹಿಡಿದು ನಾನು ಅವನ ತುಟಿಯ ಬಣ್ಣ ನೋಡುತ್ತಿದ್ದೆ, ಅವನು ನನ್ನ ಮುಖದ ಬಣ್ಣ ನೋಡುತ್ತಿದ್ದ. ನಡುರಾತ್ರಿ ಒಳಗಿಂದ ಏನೋ ಕಿರುಚಿದ. ನನ್ನ ಜೀವ ಬಾಯಿಗೆ ಬಂತು. ಮೂತ್ರಕ್ಕೆ ಬಾಟಲಿ ಬೇಕಿತ್ತಂತೆ.

ಬೆಳಕು ಹರಿಯುತ್ತಲೇ ಎರಡು ಚೀತಾ ಹೆಲಿಕಾಪ್ಟರ್ ಬಂದವು. ಅಲ್ಲಿ ಇಂಜಿನ್ ಆರಿಸುವ ಮಾತೇ ಇಲ್ಲ. ರೆಕ್ಕೆ ತಿರುಗುತ್ತಿರುವಾಗಲೇ ಒಳಗೆ ತಳ್ಳಬೇಕು. ತಳ್ಳುವಾಗ ಅವನು ಮಾಸ್ಕ್ ಸರಿಸಿ ನನ್ನ ಕಿವಿಯಲ್ಲಿ ಹೇಳಿದ್ದು, 'ಮೈಂ ಠೀಕ್ ಹೂಂ, ಸಾಬ್. ಯಹೀಂ ರಹನೇ ದೋ.'

ಅವನು ಬದುಕಿದ. ಈಗ ಹೇಳಿ, ಇದನ್ನು ಯಾರ ಲೆಕ್ಕಕ್ಕೆ ಬರೆಯುವುದು? ಪೈಲಟ್‌ನದೋ, ಆರ್‌ಎಂಒದೋ, ಅಡುಗೆಯವನ ಕಾಲಿನದೋ, ಅರ್ಧ ರೊಟ್ಟಿಯದೋ? ಇನ್ನು ತಲೆನೋವು ಶುರುವಾದಾಗಲೇ ಬೈದು ಕೆಳಗೆ ಕಳಿಸಿದ ಐದಾರು ಜನರಿದ್ದಾರೆ. ಅವರಿಗೆ ಏನೂ ಆಗಲಿಲ್ಲ, ಹಾಗಾಗಿ ಅವರನ್ನು 'ಉಳಿಸಿದೆ' ಅನ್ನಲು ಬರುವುದಿಲ್ಲ. ನಾನು ಸುಮ್ಮನೆ ಕಾಟ ಕೊಟ್ಟೆ ಅಂತ ಅವರಲ್ಲಿ ಕೆಲವರು ಇವತ್ತಿಗೂ ನಂಬಿದ್ದಾರೆ.

ಉಳಿಸದೆ ಹೋದದ್ದರ ಲೆಕ್ಕ ಮಾತ್ರ ಚೊಕ್ಕ ಇದೆ. ದಿನಾ ಸಂಜೆ ಕಾಲು ನೋಡುವುದು ನನ್ನ ಡ್ಯೂಟಿ. ಬುಖಾರಿ ಸುತ್ತ ಎಲ್ಲರೂ ಕಾಲುಚೀಲ ಬಿಚ್ಚಬೇಕು, ನಾನು ಒಂದೊಂದೇ ಬೆರಳ ಉಗುರು ಒತ್ತಿ, ಬಿಳಿಚಿದ್ದು ಎಷ್ಟು ಬೇಗ ಕೆಂಪಾಗುತ್ತದೆ ಅಂತ ನೋಡಬೇಕು. ಆ ನಾತದ ವರ್ಣನೆ ಬೇಡ. ಹವಾಲ್ದಾರ್ ಸಾಹೇಬರೊಬ್ಬರಿದ್ದರು, ನಾಯಬ್ ಸುಬೇದಾರ್ ಆಗುವ ಸರದಿ ಹತ್ತಿರ ಬಂದಿತ್ತು. ಅವರು ಎಡಗಾಲು ತೋರಿಸಿ, ಕಾಲುಚೀಲ ಹಾಕಿ, ಏನೋ ತಮಾಷೆ ಹೇಳಿ ಎಲ್ಲರನ್ನೂ ನಗಿಸಿ, ಮತ್ತೆ ಅದೇ ಎಡಗಾಲು ಮುಂದೆ ಚಾಚುತ್ತಿದ್ದರು. ಮಸುಕು ಬೆಳಕು, ಇಪ್ಪತ್ತನಾಲ್ಕು ಪಾದ, ನನಗೂ ನಿದ್ದೆಗೆಟ್ಟ ತಲೆ. ಮೂರು ಸಂಜೆ ನಾನು ಅವರ ಒಂದೇ ಕಾಲನ್ನು ಎರಡೆರಡು ಸಲ ನೋಡಿದೆ. ನಾಲ್ಕನೇ ದಿನ ಅವರು ಬೂಟು ಹಾಕಲಾರದೆ ಕೂತಾಗ ಬಲಗಾಲು ನೋಡಿದೆ. ಎರಡು ಬೆರಳ ತುದಿ ಮೇಣದ ಹಾಗೆ, ಒತ್ತಿದರೆ ಕಲ್ಲು. ಕೆಳಗೆ ಹೋದ ಮೇಲೆ ಅವು ಕಪ್ಪಾದವು, ಕೊನೆಗೆ ತೆಗೆದರು. ಪ್ರಮೋಷನ್ನೂ ಹೋಯಿತು. ತಪ್ಪು ಅವರದೂ ಹೌದು ಅಂತ ಜನ ಹೇಳಬಹುದು. ಆದರೆ ಸುಳ್ಳು ಹೇಳುವುದು ಅವರ ಡ್ಯೂಟಿ ಆಗಿರಲಿಲ್ಲ, ಹಿಡಿಯುವುದು ನನ್ನದಾಗಿತ್ತು. ಆಮೇಲೆ ಸರ್ವಿಸ್ ಮುಗಿಯುವವರೆಗೂ ನನ್ನ ನಿಯಮ ಒಂದೇ: 'ದೋನೋಂ ಪೈರ್, ಏಕ್ ಸಾಥ್.'

2016ರ ಫೆಬ್ರವರಿಯಲ್ಲಿ ನಾನು ಬೇರೆ ಕಡೆ ಇದ್ದೆ. 3ನೇ ತಾರೀಖು ಸಿಯಾಚಿನ್‌ನ ಸೋನಮ್ ಪೋಸ್ಟ್ ಮೇಲೆ ಹಿಮ ಕುಸಿದು ಮದ್ರಾಸ್ ರೆಜಿಮೆಂಟಿನ 19ನೇ ಬೆಟಾಲಿಯನ್ನಿನ ಹತ್ತು ಜನ ಹೂತುಹೋದರು. 19,600 ಅಡಿ. ಆರನೇ ದಿನ ಕುಂದಗೋಳ ತಾಲೂಕು ಬೆಟದೂರಿನ ಲ್ಯಾನ್ಸ್ ನಾಯಕ್ ಹನುಮಂತಪ್ಪ ಕೊಪ್ಪದ ಜೀವಂತ ಸಿಕ್ಕರು. ಆ ರಾತ್ರಿಯಿಂದ ನನ್ನ ಫೋನಿಗೆ ಬಿಡುವಿಲ್ಲ. ಊರಿನವರೆಲ್ಲ ಕೇಳುವುದು ಒಂದೇ: 'ನೀ ಅಲ್ಲಿ ಇದ್ದಾವ, ಹೇಳಪಾ, ಉಳೀತಾನಿಲ್ಲ?' ಅಷ್ಟು ದಿನ ತಣ್ಣಗಾದ ಮೈಯನ್ನು ಬೆಚ್ಚಗೆ ಮಾಡುವ ಹೊತ್ತೇ ದೊಡ್ಡ ಗಂಡಾಂತರ; ಹೆಪ್ಪುಗಟ್ಟಿದ ಕೈಕಾಲಿಗೆ ರಕ್ತ ಮತ್ತೆ ಹರಿಯತೊಡಗಿದಾಗ ಅಲ್ಲಿ ಕೂಡಿದ ವಿಷವೆಲ್ಲ ಹೃದಯ, ಕಿಡ್ನಿಯ ಕಡೆ ನುಗ್ಗುತ್ತದೆ. ಇದು ನನಗೆ ಗೊತ್ತಿತ್ತು. ಆದರೂ ಎಲ್ಲರಿಗೂ 'ಉಳೀತಾರ್ರಿ, ಗಟ್ಟಿ ಮನಶಾ' ಅಂದೆ. ಠೀಕ್ ಹೂಂ ಅನ್ನುವವರ ಸಾಲಿಗೆ ನಾನೂ ಸೇರಿದ್ದೆ. 11ನೇ ತಾರೀಖು ದೆಹಲಿಯ ಸೇನಾ ಆಸ್ಪತ್ರೆಯಲ್ಲಿ ಅವರು ಹೋದರು. ಅವತ್ತು ಯಾರ ಫೋನನ್ನೂ ಎತ್ತಲಿಲ್ಲ.

ಈಗ ಊರಲ್ಲಿದ್ದೇನೆ. ಬೆಳಿಗ್ಗೆ ಹೊಲ, ಮಧ್ಯಾಹ್ನ ಮನೆ ಕಟ್ಟೆಯ ಮೇಲೆ ಯಾರದಾದರೂ ಬಿಪಿ ನೋಡುವುದು. ಅವ್ವನಿಗೆ ಹನ್ನೊಂದು ವರ್ಷದ ಸಕ್ಕರೆ ಕಾಯಿಲೆ. ಹೋದ ವಾರ ಎರಡು ರೊಟ್ಟಿ ತಿನ್ನುವವಳು ಒಂದಕ್ಕೆ ಕೈ ತೊಳೆದಳು. ಕೇಳಿದರೆ, 'ಏನಾಗಿಲ್ಲೋ, ಆರಾಮ ಅದೀನಿ.' ಸ್ಟೂಲ್ ಎಳೆದುಕೊಂಡು ಮುಂದೆ ಕೂತು ಕಾಲು ತೋರಿಸು ಅಂದೆ. ಸೀರೆ ನಿರಿಗೆ ಸ್ವಲ್ಪ ಎತ್ತಿ ಎಡಗಾಲು ಚಾಚಿದಳು.

'ಎರಡೂ, ಕೂಡೇ' ಅಂದೆ.