ಟ್ಯಾಂಕ್ ಬಿಟ್ಟು ಬೇರೇನು ಕೇಳ್ತೀರಿ?

ಹಳೆಯ ಸೈನಿಕರೊಬ್ಬರ ಸಂದರ್ಶನಕ್ಕೆಂದು ಒಂಬತ್ತನೇ ತರಗತಿಯ ನನ್ನ ಮಕ್ಕಳು ಬರೆದುಕೊಂಡು ಬಂದ ಪ್ರಶ್ನೆಗಳಲ್ಲಿ ಟ್ಯಾಂಕ್, ಬಂದೂಕು, ಬಾಂಬು ಬಿಟ್ಟರೆ ಬೇರೇನೂ ಇರಲಿಲ್ಲ. 'ಎಷ್ಟು ಜನ ಶತ್ರುಗಳನ್ನು ಕೊಂದಿರಿ?' ಅನ್ನೋದಂತೂ ಎಲ್ಲರ ಹಾಳೆಯಲ್ಲೂ ಇತ್ತು. ಪಾಪ, ಮಡಿಕೇರಿಯ ತಿಮ್ಮಯ್ಯ ಮ್ಯೂಸಿಯಂ ಅಂಗಳದ ಟ್ಯಾಂಕ್ ಮುಂದೆ ಫೋಟೊ ತೆಗೆಸಿಕೊಂಡು ಬಂದವರು ಇನ್ನೇನು ಬರೆದಾರು?

ನಾವು ಮಾತಾಡಿಸಿ ರೆಕಾರ್ಡ್ ಮಾಡಿಕೊಳ್ಳಬೇಕಿದ್ದದ್ದು 1971ರ ಭಾರತ-ಪಾಕ್ ಯುದ್ಧ ಕಂಡ ತಾತನನ್ನು. ಆಗ ಇಪ್ಪತ್ತರ ಹುಡುಗರಾಗಿದ್ದವರಿಗೂ ಈಗ ಎಪ್ಪತ್ತು ದಾಟಿದೆ. ಕೊಡಗಿನಲ್ಲಿ ಸೈನ್ಯದಲ್ಲಿದ್ದವರಿಗೆ ಬರವಿಲ್ಲ, ಕೂತು ಕೇಳಿಸಿಕೊಳ್ಳುವವರಿಗೆ ಬರ.

"ಕೊಂದ ಲೆಕ್ಕ ಕೇಳಬೇಡಿ" ಎಂದೆ. "ಹಾಗಾದ್ರೆ ಯುದ್ಧದ ಬಗ್ಗೆ ಮತ್ತೇನು ಕೇಳೋದು ಮಿಸ್?" ಎಂದ ಒಬ್ಬ. ನ್ಯಾಯವಾದ ಪ್ರಶ್ನೆ. ಡಿಸೆಂಬರ್ 16ಕ್ಕೆ ಢಾಕಾದಲ್ಲಿ ಶರಣಾಗತಿ, ಸುಮಾರು 93,000 ಸೆರೆಯಾಳುಗಳು, ಇಷ್ಟು ಅವರಿಗೆ ಬಾಯಿಪಾಠ. ಆದರೆ ತಾತ ಇದ್ದದ್ದು ಪಶ್ಚಿಮದಲ್ಲಿ, ಪಾಕಿಸ್ತಾನದ ಶಕರಗಢದ ಕಡೆ, ಸ್ಯಾಪರ್ ಆಗಿ, ಅಂದರೆ ಸೇನೆಯ ಎಂಜಿನಿಯರಿಂಗ್ ದಳದ ಸೈನಿಕನಾಗಿ. ನಕ್ಷೆ ಬಿಡಿಸಿ ತೋರಿಸಿದೆ. ನೆಲದಲ್ಲಿ ಹೂತ ಮೈನ್‌ಗಳನ್ನು (ನೆಲಬಾಂಬುಗಳನ್ನು) ಹುಡುಕಿ ತೆಗೆದು ಸ್ಯಾಪರ್‌ಗಳು ದಾರಿ ಮಾಡಿಕೊಟ್ಟ ಮೇಲೆ ಟ್ಯಾಂಕ್ ಮುಂದೆ ಹೋಗೋದು. "ಅಂದ್ರೆ ಟ್ಯಾಂಕ್‌ಗಿಂತ ಮೊದಲು ಮನುಷ್ಯರು ಹೋಗ್ತಿದ್ರಾ?" ಎಂದಳು ಒಬ್ಬಳು. ಅಲ್ಲಿಂದ ಪ್ರಶ್ನೆಗಳ ಧಾಟಿಯೇ ಬದಲಾಯಿತು. ಕತ್ತಲಲ್ಲಿ ಮೈನ್ ಹೇಗೆ ಗೊತ್ತಾಗ್ತಿತ್ತು? ಡಿಸೆಂಬರ್ ಚಳಿಗೆ ಏನು ಹಾಕ್ತಿದ್ರಿ? ಊಟಕ್ಕೇನು?

ಆಮೇಲೆ ಅಭ್ಯಾಸಕ್ಕೆಂದು ನಾನೇ ತಾತನಾಗಿ ಕುರ್ಚಿಯಲ್ಲಿ ಕೂತೆ, ಮೀಸೆಯೊಂದು ಇರಲಿಲ್ಲ. ಮಾತಿನ ಮಧ್ಯೆ ಬೇಕಂತಲೇ ಸುಮ್ಮನಾದೆ. ಮಕ್ಕಳಿಗೆ ತಡೆಯೋಕಾಗಲಿಲ್ಲ, ತಕ್ಷಣ ಮುಂದಿನ ಪ್ರಶ್ನೆ ಎಸೆದರು. ನನ್ನ ಪ್ರಕಾರ ಮಕ್ಕಳಿಗೆ ಕಲಿಸಬೇಕಾದ ಮುಖ್ಯ ವಿಷಯ ಇದೇ, ಬಾಯಿ ಮುಚ್ಚಿ ಕಾಯೋದು. ಪ್ರಶ್ನೆ ಯಾರು ಬೇಕಾದರೂ ಬರೆಯಬಹುದು. ಉಳಿದದ್ದು ಸಣ್ಣಪುಟ್ಟದ್ದು: ರೆಕಾರ್ಡಿಂಗ್‌ನಲ್ಲಿ ಸದ್ದು ಬರದಂತೆ ಫ್ಯಾನ್ ಆಫ್ ಮಾಡಿ, ತಾರೀಖು ತಪ್ಪಿದರೆ ಅಲ್ಲೇ ತಿದ್ದಬೇಡಿ, ಬೇಡವೆಂದ ಭಾಗ ಅಳಿಸುತ್ತೇವೆಂದು ಮೊದಲೇ ಹೇಳಿ ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿಸಿಕೊಳ್ಳಿ. ಮನೆಯವರು ಮಧ್ಯೆ ಬಾಯಿ ಹಾಕದ ಹಾಗೆ ನೋಡಿಕೊಳ್ಳಿ ಅಂತಲೂ ಹೇಳಿದ್ದೆ.

ತಾತನ ಮನೆಯಲ್ಲಿ ಮೈನ್ ಪ್ರಶ್ನೆಗೆ ಎರಡೇ ಮಾತಿನ ಉತ್ತರ ಬಂತು. ಊಟದ ಪ್ರಶ್ನೆಗೆ ಮಾತ್ರ ಅವರು ಹಿಗ್ಗಿದರು. ತಣ್ಣಗಾದ ಪೂರಿ, ಜೇಬಲ್ಲಿಟ್ಟುಕೊಳ್ಳುತ್ತಿದ್ದ ಶಂಕರಪೋಳಿ, ಚಹಾ ಮಗ್‌ನಲ್ಲಿ ಬೆರಳು ಕಾಯಿಸಿಕೊಂಡದ್ದು. "ಮನೆಗೆ ಕಾಗದ ಬರೀತಿದ್ರಾ ತಾತ?" ಎಂದಳು ಅದೇ ಹುಡುಗಿ. ಅವರು ಗೋಡೆ ನೋಡುತ್ತಾ ಕೂತರು. ಮಕ್ಕಳೂ ಸುಮ್ಮನೆ ಕೂತರು. ನನಗೇ ಚಡಪಡಿಕೆ.

ಉತ್ತರ ಬಂದದ್ದು ಅಡುಗೆಮನೆ ಬಾಗಿಲಿಂದ. "ಬರೀತಿದ್ರು. ಎಲ್ಲಿದ್ದಾರೆ ಅಂತ ಮಾತ್ರ ಬರೀತಿರಲಿಲ್ಲ. ವಿಳಾಸ ಬರೀ 56 ಎಪಿಒ" ಎಂದರು ಅಜ್ಜಿ. ಅದು ಸೇನೆಯ ಅಂಚೆ ಕಚೇರಿಯ ನಂಬರು, ಊರಿನ ಹೆಸರಲ್ಲ. ಕಾಫಿ ಕೊಯ್ಲಿನ ಸಮಯವಂತೆ. ಹಗಲೆಲ್ಲ ತೋಟ, ಸಂಜೆ ಪಕ್ಕದ ಮನೆ ರೇಡಿಯೊ ಮುಂದೆ ವಾರ್ತೆ. ವಾರ್ತೆಯಲ್ಲಿ ಬಂದ ಊರಿನ ಹೆಸರುಗಳನ್ನೆಲ್ಲ ಅಜ್ಜಿ ಕ್ಯಾಲೆಂಡರ್ ಹಿಂದೆ ಬರೆದಿಡುತ್ತಿದ್ದರು, ಗಂಡ ಅಲ್ಲೆಲ್ಲೋ ಇರಬಹುದು ಅಂತ. "ಇದನ್ನ ನಂಗೆ ಹೇಳೇ ಇಲ್ಲವಲ್ಲೇ" ಎಂದರು ತಾತ. "ನೀವು ಕೇಳಲಿಲ್ಲ" ಎಂದರು ಅಜ್ಜಿ.

ನನ್ನ ಚೀಲದಲ್ಲಿ ಒಪ್ಪಿಗೆ ಪತ್ರ ಇದ್ದದ್ದು ಒಂದೇ. ಇನ್ನೊಂದನ್ನು ನೋಟ್‌ಬುಕ್ ಹಾಳೆಯಲ್ಲಿ ಕೈಯಲ್ಲೇ ಬರೆದು ಅಜ್ಜಿಯ ಸಹಿ ಹಾಕಿಸಿಕೊಂಡೆವು.