ಕೊಡಲಿ ಎಸೆಯಲು ಗುಂಪಾಗಿ ಹೊರಟಿದ್ದೀರಾ? ಮೊದಲು ಲೇನ್ ಎಷ್ಟಿವೆ ಅಂತ ಕೇಳಿ

ಫೋಟೋ ನೋಡಿ ದುಡ್ಡು ಕಟ್ಟಬೇಡಿ. ಸಣ್ಣ ಊರಿನ ಸುತ್ತಮುತ್ತ ಕೊಡಲಿ ಎಸೆತದ, ಅಂದರೆ ಮರದ ಹಲಗೆಯ ಗುರಿಗೆ ಕೊಡಲಿ ಎಸೆದು ನಾಟಿಸುವ ಆಟದ, ಜಾಗ ಹುಡುಕುತ್ತಿರುವವರಿಗೆ ಎಲ್ಲಕ್ಕಿಂತ ಮೊದಲು ಹೇಳಬೇಕಾದ್ದು ಇದೇ.

ನಾವು ಆಫೀಸಿನವರು ಹದಿನೆಂಟು ಜನ ಹೋಗಿದ್ದೆವು. ಬುಕಿಂಗ್ ಪುಟದಲ್ಲಿ ಲೇನ್‌ಗಳು, ಅಂದರೆ ನಿಂತು ಗುರಿಗೆ ಎಸೆಯುವ ಅಂಕಣಗಳು, ಸಾಲು ಸಾಲಾಗಿ ಇದ್ದವು. ಹೋಗಿ ನೋಡಿದರೆ ಇದ್ದದ್ದೇ ಎರಡು, ಅದರಲ್ಲೊಂದಕ್ಕೆ ಹಗ್ಗ ಕಟ್ಟಿ ಮುಚ್ಚಿದ್ದರು. ಕೇಳಿದ್ದಕ್ಕೆ, ಫೋಟೋ ನಮ್ಮ ಇನ್ನೊಂದು ಶಾಖೆಯದ್ದು ಅಂದರು. ತಲೆಗಿಷ್ಟು ಅಂತ ಪೂರ್ತಿ ಹಣ ಮೊದಲೇ ತಗೊಂಡಿದ್ದರು, ಬಿಡಿಗಾಸೂ ವಾಪಸ್ ಬರಲಿಲ್ಲ.

ನೀವೇ ಲೆಕ್ಕ ಹಾಕಿ. ಒಂದು ಲೇನ್‌ನಲ್ಲಿ ಎರಡು ಟಾರ್ಗೆಟ್, ಅಂದರೆ ಒಂದು ಸಲಕ್ಕೆ ಇಬ್ಬರು. ಎಸೆದು, ಹೋಗಿ ಕೊಡಲಿ ಕಿತ್ತು ತರಲು ಅರ್ಧ ನಿಮಿಷ. ಒಂದು ಗಂಟೆಯಲ್ಲಿ ಕಾಲು ಗಂಟೆ ಸಹಿ, ಸೂಚನೆ ಅಂತಲೇ ಹೋಗುತ್ತದೆ. ಉಳಿದ ಮುಕ್ಕಾಲು ಗಂಟೆಯನ್ನು ಹದಿನೆಂಟು ಜನ ಹಂಚಿಕೊಂಡರೆ ಒಬ್ಬರಿಗೆ ಹತ್ತು ಎಸೆತ. ಹೊಸಬರಿಗೆ ಹತ್ತು ಎಸೆತದಲ್ಲಿ ಕೈ ಕೂಡಿಬರುವುದೇ ಇಲ್ಲ, ಆಗ ತಾನೇ ಒಂದೆರಡು ಹಲಗೆಗೆ ನಾಟಲು ಶುರುವಾಗಿರುತ್ತದೆ, ಅಷ್ಟರಲ್ಲಿ ಸಮಯ ಮುಗಿಯಿತು ಅನ್ನುತ್ತಾರೆ. ಲೇನ್‌ಗೆ ಆರು ಜನಕ್ಕಿಂತ ಜಾಸ್ತಿ ಹಾಕುವ ಜಾಗಕ್ಕೆ ಗುಂಪು ಕರೆದುಕೊಂಡು ಹೋಗಲೇಬೇಡಿ. ನಾಲ್ಕಾದರೆ ಇನ್ನೂ ಒಳ್ಳೆಯದು.

ಇದಕ್ಕಿಂತ ನನಗೆ ಜಾಸ್ತಿ ಸಿಟ್ಟು ಬಂದದ್ದು ಹಲಗೆ ನೋಡಿ. ಈ ಆಟಕ್ಕೆ ಮೆತ್ತನೆಯ ಮರ ಬೇಕು, ಪೈನ್ ಅಥವಾ ಪಾಪ್ಲರ್ ಥರದ್ದು. ಹಲಗೆಗಳನ್ನು ನಾರು ಮೇಲಿಂದ ಕೆಳಗೆ ಬರುವಂತೆ ನಿಲ್ಲಿಸುತ್ತಾರೆ, ಆಗ ಅಲಗು ನಾರಿನ ನಡುವೆ ಹೊಕ್ಕು ನಿಲ್ಲುತ್ತದೆ. ಅಲ್ಲಿ ನಡುವಿನ ಹಲಗೆ ತಿಂದು ಹೋಗಿ ಗುಳಿ ಬಿದ್ದಿತ್ತು, ಸುತ್ತ ಬರೀ ಸಿಬಿರು, ಒಂದು ಕಡೆ ತಿರುಪಿನ ತಲೆ ಹೊರಗೆ ಕಾಣುತ್ತಿತ್ತು. ಗುರಿಯ ನಡುವಿಗೆ ಸರಿಯಾಗಿ ಎಸೆದರೂ ಕೊಡಲಿ ಹಿಡಿಯುತ್ತಿರಲಿಲ್ಲ, ಠಣ್ ಅಂತ ಬಡಿದು ನೆಲಕ್ಕೆ ಬಿದ್ದು ನಮ್ಮ ಕಡೆಗೇ ಜಾರಿ ಬರುತ್ತಿತ್ತು. ಕೆಳಗೆ ರಬ್ಬರ್ ಹಾಸು ಇರಲಿಲ್ಲ, ಬರೀ ಕಾಂಕ್ರೀಟ್. ಇದು ಸುಮ್ನೆ ಅನನುಕೂಲ ಅಲ್ಲ, ಅಪಾಯ. ಅಲಗು ಮೊಂಡಾಗಿದ್ದರೆ ಹುಷಾರು ಅಂತ ಕೆಲವರು ತಿಳಿದಿದ್ದಾರೆ. ಆದರೆ ಮೊಂಡು ಕೊಡಲಿ ನಾಟುವುದಿಲ್ಲ, ನಾಟದ್ದು ವಾಪಸ್ ಬರುತ್ತದೆ.

ಹುಡುಕುವಾಗಲೂ ಸಣ್ಣ ಊರಿನಲ್ಲಿ ಬೇರೆಯದೇ ಕಷ್ಟ. ನಕ್ಷೆಯಲ್ಲಿ ಹುಡುಕಿದರೆ ಮೇಲೆ ಬರುವುದರಲ್ಲಿ ಒಂದು ದೂರದ ದೊಡ್ಡ ಊರಿನದ್ದು, ಇನ್ನೊಂದು ಮಕ್ಕಳಿಗೆ ಪ್ಲಾಸ್ಟಿಕ್ ಕೊಡಲಿ ಕೊಡುವ ಆಟದ ಮನೆ, ಮತ್ತೊಂದು ಎಂದೋ ಬಾಗಿಲು ಹಾಕಿರುತ್ತದೆ. ಬಿಲ್ಲುಗಾರಿಕೆ ಕಲಿಸುವ ಜಾಗ, ಬೌಲಿಂಗ್ ಸೆಂಟರ್, ಸಾಹಸ ಪಾರ್ಕ್ ಅಂತಲೂ ಹುಡುಕಿ. ಎಷ್ಟೋ ಕಡೆ ಕೊಡಲಿ ಲೇನ್ ಇವುಗಳ ಒಂದು ಮೂಲೆಯಲ್ಲಿರುತ್ತದೆ, ಹೆಸರಿನಲ್ಲಿ ಇರುವುದಿಲ್ಲ. ವರ್ಲ್ಡ್ ಆಕ್ಸ್ ಥ್ರೋಯಿಂಗ್ ಲೀಗ್ ಅಂತ 2017ರಲ್ಲಿ ಶುರುವಾದ ಸಂಸ್ಥೆ ಇದೆ, ಇಂಟರ್‌ನ್ಯಾಷನಲ್ ಆಕ್ಸ್ ಥ್ರೋಯಿಂಗ್ ಫೆಡರೇಷನ್ ಅಂತ ಇನ್ನೊಂದು. ಎರಡೂ ತಮ್ಮ ಸದಸ್ಯ ಜಾಗಗಳ ಪಟ್ಟಿ ಇಟ್ಟಿವೆ, ಮೊದಲು ಅದನ್ನು ನೋಡಿ. ಲೀಗ್ ಆಟ ಆಡಿಸುವ ಜಾಗದಲ್ಲಿ ಹಲಗೆ ಬದಲಿಸದೆ ವಿಧಿಯಿಲ್ಲ, ಯಾಕೆಂದರೆ ಅಂಕಕ್ಕಾಗಿ ಆಡುವವರು ಕೆಟ್ಟ ಹಲಗೆ ಸಹಿಸುವುದಿಲ್ಲ. ಟ್ರೈಲರ್‌ನಲ್ಲಿ ಲೇನ್ ಕಟ್ಟಿಕೊಂಡು ನೀವಿದ್ದಲ್ಲಿಗೇ ಬರುವವರೂ ಇದ್ದಾರೆ. ಚಿಕ್ಕ ಗುಂಪಿಗೆ ಪರವಾಗಿಲ್ಲ, ದೊಡ್ಡದಕ್ಕೆ ಮತ್ತೆ ಅದೇ ಕಾಯುವ ಗೋಳು.

ಆಮೇಲೆ ನಮಗೆ ಸಿಕ್ಕಿದ ಜಾಗ ಊರ ಹೊರಗಿನ ಒಂದು ಶೆಡ್. ಹೊರಗಿಂದ ನೋಡಿದರೆ ಗೋದಾಮು. ಬಣ್ಣದ ಬೆಳಕಿಲ್ಲ, ಕೂರಲು ಬರೀ ಬೆಂಚು. ಆದರೆ ಲೇನ್‌ಗಳ ನಡುವೆ ಜಾಲರಿ ಗಟ್ಟಿಯಾಗಿತ್ತು, ನೆಲಕ್ಕೆಲ್ಲ ರಬ್ಬರ್ ಹಾಸು. ನಾವು ಒಳಗೆ ಹೋದಾಗ ಕಲಿಸುವ ಹೆಂಗಸು ನಡುವಿನ ಹಲಗೆ ಬಿಚ್ಚಿ ಹೊಸದು ಕೂರಿಸುತ್ತಿದ್ದರು. ಕೂರಿಸಿದ ಮೇಲೆ ಬಾಟಲಿಯಿಂದ ನೀರು ಚಿಮುಕಿಸಿದರು, ನೆಂದರೆ ಮರ ಮೆತ್ತಗಾಗಿ ಅಲಗು ಚೆನ್ನಾಗಿ ಹಿಡಿಯುತ್ತದೆ ಅಂತ. ಅಷ್ಟು ನೋಡಿದ್ದೇ ನನಗೆ ಧೈರ್ಯ ಬಂತು.

ಅವರು ಕಲಿಸಿದ್ದು ಇನ್ನೂ ಚೆಂದ. ಹನ್ನೆರಡು ಅಡಿ ದೂರ, ಎರಡೂ ಕೈಯಲ್ಲಿ ಕಾವು ಹಿಡಿದು ತಲೆಯ ಹಿಂದಕ್ಕೆ ಒಯ್ದು ನೇರ ಮುಂದಕ್ಕೆ ಬಿಡಬೇಕು, ಮಣಿಕಟ್ಟು ತಿರುಗಿಸಬಾರದು. ಗಾಳಿಯಲ್ಲಿ ಕೊಡಲಿ ಒಂದೇ ಸುತ್ತು ಸುತ್ತಬೇಕು. ಕಾವಿನ ತುದಿ ಮೊದಲು ಬಡಿದರೆ ಸುತ್ತು ಪೂರ್ತಿಯಾಗಿಲ್ಲ, ಅರ್ಧ ಹೆಜ್ಜೆ ಹಿಂದೆ ಹೋಗಿ. ಕೊಡಲಿಯ ನೆತ್ತಿ ಬಡಿದರೆ ಸುತ್ತು ಜಾಸ್ತಿಯಾಗಿದೆ, ಮುಂದೆ ಬನ್ನಿ. ಇಷ್ಟು ಗೊತ್ತಾದ ಮೇಲೆ ನಮ್ಮಲ್ಲಿ ತೋಳ್ಬಲವೇ ಇಲ್ಲ ಅಂದುಕೊಂಡಿದ್ದವರೂ ಸಲೀಸಾಗಿ ನಾಟಿಸಿದರು, ಬಲ ಹಾಕಿ ಎಸೆದವರೇ ಹಿಂದೆ ಬಿದ್ದರು. ಕೊನೆಗೆ ಲೀಗ್ ಲೆಕ್ಕದಲ್ಲಿ 10 ಎಸೆತದ ಆಟ ಆಡಿಸಿದರು. ನಡುವಿನ ಗುರಿಗೆ 6 ಅಂಕ, ಹೊರಕ್ಕೆ ಹೋದಂತೆ ಕಡಿಮೆ. ಸ್ಪರ್ಧೆ ಇದ್ದರೇ ಗುಂಪಿಗೆ ಮಜಾ, ಸುಮ್ನೆ ಎಸೆಯುತ್ತಾ ಇದ್ದರೆ ಬೇಗ ಬೇಸರ ಬರುತ್ತದೆ.

ನನಗೆ ಜನಜಂಗುಳಿ, ಜೋರು ಹಾಡು ಎರಡೂ ಆಗುವುದಿಲ್ಲ. ಅದಕ್ಕೇ ವಾರದ ನಡುವೆ ಹೋಗಿ ಅನ್ನುತ್ತೇನೆ. ಕಲಿಸುವವರ ಮಾತು ಕೇಳಿಸದ ಕಡೆ ಕೊಡಲಿ ಹಿಡಿಯುವುದು ಸರಿಯಲ್ಲ. ಕುಡಿದು ಬಂದವರಿಗೂ ಕೊಡಲಿ ಕೊಡುವ ಜಾಗವಾದರೆ ಅಲ್ಲಿಂದ ಹೊರಟುಬಿಡಿ.

ಕಾಲ್ಬೆರಳು ಮುಚ್ಚುವ ಶೂ ಬೇಕು ಅಂತ ಗುಂಪಿನ ಎಲ್ಲರಿಗೂ ಹಿಂದಿನ ದಿನವೇ ಹೇಳಿ, ಚಪ್ಪಲಿ ಹಾಕಿ ಬಂದವರನ್ನು ಒಳ್ಳೆಯ ಜಾಗದಲ್ಲಿ ಒಳಗೆ ಬಿಡುವುದಿಲ್ಲ. ಪಕ್ಕದವರೂ ಎಸೆದ ಮೇಲೆಯೇ ಇಬ್ಬರೂ ಒಟ್ಟಿಗೆ ಕೊಡಲಿ ತರಲು ಹೋಗಬೇಕು. ಕೊಡಲಿಯನ್ನು ಕೈಯಿಂದ ಕೈಗೆ ಕೊಡಬಾರದು, ಇಟ್ಟ ಮೇಲೆ ಇನ್ನೊಬ್ಬರು ಎತ್ತಿಕೊಳ್ಳಬೇಕು. ಮಕ್ಕಳನ್ನು ಕರೆದೊಯ್ಯುವುದಾದರೆ ವಯಸ್ಸಿನ ಮಿತಿ ಕೇಳಿಕೊಳ್ಳಿ, ಒಂದೊಂದು ಕಡೆ ಒಂದೊಂದು ಥರ. ಮುಂಗಡ ಕೊಡುವ ಮೊದಲು ಲೇನ್ ಸಂಖ್ಯೆಯನ್ನು ಮೆಸೇಜ್‌ನಲ್ಲಿ ಬರೆಸಿಕೊಳ್ಳಿ, ಆ ದಿನ ಯಾವುದಾದರೂ ಲೇನ್ ಮುಚ್ಚಿದ್ದರೆ ಎಷ್ಟು ಹಣ ವಾಪಸ್ ಅಂತಲೂ ಅದರಲ್ಲೇ ಇರಲಿ.